ಅಲಿಯ ಐದು ಸೋಲು, ನಿನ್ನ ಒಂದು ಸಾಲು

ಪ್ರೀತಿಯ ತಮ್ಮ,

ಬಾಕ್ಸರ್ ಮುಹಮ್ಮದ್ ಅಲಿ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಗೆದ್ದ ಪಂದ್ಯಗಳನ್ನು ಚೆನ್ನಾಗಿ ಬರೆದಿದ್ದೀಯ. ಆದರೆ ‘61 ಪಂದ್ಯಗಳಲ್ಲಿ ಸೋತಿದ್ದು ಬರೀ 5’ ಅಂತ ಒಂದೇ ಸಾಲಿನಲ್ಲಿ ಸೋಲನ್ನೆಲ್ಲ ಮುಗಿಸಿ ಕೈತೊಳೆದುಕೊಂಡಿದ್ದೀಯಲ್ಲ, ಅದು ನನಗೆ ಸರಿಬರಲಿಲ್ಲ. ಐದೂ ಒಂದೇ ಥರದ ಸೋಲಲ್ಲ ಮಾರಾಯ.

1971ರ ಮಾರ್ಚ್ 8, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗೆ ಜೋ ಫ್ರೇಜಿಯರ್. ಅಲ್ಲಿಯವರೆಗೆ ಇಬ್ಬರೂ ಸೋಲು ಕಂಡವರಲ್ಲ. 15ನೇ ಸುತ್ತಿನಲ್ಲಿ ಫ್ರೇಜಿಯರ್‌ನ ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಗುದ್ದು, ದವಡೆಗೆ ಬಿತ್ತು, ಅಲಿ ಅಂಗಾತ ಬಿದ್ದ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಆ ಏಟು ತಿಂದೂ ತಕ್ಷಣ ಎದ್ದು, ಊದಿದ ದವಡೆಯಲ್ಲೇ ಕೊನೆಯ ಗಂಟೆ ಬಾರಿಸುವವರೆಗೆ ಕಾದಾಡಿದನಲ್ಲ, ಅದನ್ನು ಬರಿ. ಗೆದ್ದ ಫ್ರೇಜಿಯರ್ ಕೂಡ ಆಮೇಲೆ ಆಸ್ಪತ್ರೆ ಸೇರಿದ.

1973ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದ. ಯಾವ ಸುತ್ತಿನಲ್ಲಿ ಅಂದರೆ ಅಲಿ ಕಡೆಯವರದು ಒಂದು ಮಾತು, ನಾರ್ಟನ್‌ದು ಇನ್ನೊಂದು. ಎರಡನ್ನೂ ಹಾಕು, ನೀನು ತೀರ್ಪು ಕೊಡಲು ಹೋಗಬೇಡ. 1978ರಲ್ಲಿ ಲಿಯಾನ್ ಸ್ಪಿಂಕ್ಸ್ ಗೆದ್ದಾಗ ಅವನ ಕೈಯಲ್ಲಿ ಬರೀ ಏಳು ವೃತ್ತಿಪರ ಪಂದ್ಯಗಳ ಅನುಭವ ಇತ್ತು. ಈ ಮೂವರನ್ನೂ ಅಲಿ ಆಮೇಲೆ ಸೋಲಿಸಿದ. ಇಲ್ಲಿ ಜಾಸ್ತಿ ನಿಲ್ಲಬೇಡ.

ನಿಲ್ಲಬೇಕಾದ್ದು 1980ರ ಅಕ್ಟೋಬರ್ 2ರಂದು, ಲಾಸ್ ವೇಗಸ್‌ನಲ್ಲಿ. ಅಲಿಗೆ 38 ವರ್ಷ. ತೂಕ ಇಳಿಸಿದ್ದ, ನರೆಗೂದಲಿಗೆ ಕಪ್ಪು ಬಣ್ಣ ಹಚ್ಚಿದ್ದ. ನೋಡೋಕೆ ಹಳೇ ಅಲಿಯೇ! ಒಳಗೆ ಮಾತ್ರ ಥೈರಾಯ್ಡ್ ಮಾತ್ರೆ ಅವನನ್ನು ಹಿಂಡಿಹಾಕಿತ್ತು. ಎದುರಾಳಿ ಲ್ಯಾರಿ ಹೋಮ್ಸ್ ಒಂದು ಕಾಲದಲ್ಲಿ ಅವನ ಜೊತೆಗೇ ಅಭ್ಯಾಸ ಮಾಡಿದ ಹುಡುಗ. ಮೂವರು ತೀರ್ಪುಗಾರರೂ ಹತ್ತಕ್ಕೆ ಹತ್ತೂ ಸುತ್ತನ್ನು ಹೋಮ್ಸ್‌ಗೆ ಕೊಟ್ಟರು. ಹತ್ತನೆಯದು ಮುಗಿದಾಗ ಕೋಚ್ ಏಂಜೆಲೊ ಡಂಡೀ ಸಾಕು ಅಂದ. ಅಲಿಯ ಹಳೇ ಜೊತೆಗಾರ ಬುಂಡಿನಿ ಬ್ರೌನ್ ಇನ್ನೊಂದೇ ಸುತ್ತು ಬಿಡು ಅಂತ ಡಂಡೀಯ ಸ್ವೆಟರ್ ಹಿಡಿದು ಎಳೆದ. ಡಂಡೀ ಒಪ್ಪಲಿಲ್ಲ. ನಿನ್ನ ಬರಹ ಇರುವುದು ಆ ಎಳೆದಾಟದಲ್ಲಿ. ಅಲಿ ಸ್ಟೂಲ್ ಮೇಲೆ ಸುಮ್ಮನೆ ಕೂತಿದ್ದಾನೆ, ಅವನನ್ನು ಪ್ರೀತಿಸುವ ಇಬ್ಬರು ಅವನ ಪರವಾಗಿ ಜಗಳ ಆಡುತ್ತಿದ್ದಾರೆ. ಗೆದ್ದ ಹೋಮ್ಸ್ ಆಮೇಲೆ ಅತ್ತ.

ಒಂದು ಎಚ್ಚರ. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆ ಆಯಿತು ಅಂತ ನೀನು ಬರೆದಿದ್ದೀಯ, ಸರಿ. ಆದರೆ ಅದನ್ನು ಸುಮ್ನೆ ಆ ಒಂದು ರಾತ್ರಿಗೆ ಗಂಟುಹಾಕಬೇಡ. ಓದುಗರ ಕಣ್ಣಲ್ಲಿ ನೀರು ಬರಬಹುದು, ಆದರೆ ಅದು ವೈದ್ಯರು ಹೇಳಬೇಕಾದ ಮಾತು, ಅಲ್ವಾ?

ಕೊನೆಯದು ಟ್ರೆವರ್ ಬರ್ಬಿಕ್ ಜೊತೆ, 1981ರ ಡಿಸೆಂಬರ್‌ನಲ್ಲಿ, ಬಹಾಮಾಸ್‌ನ ನಸ್ಸೌನಲ್ಲಿ. ರಿಂಗ್‌ಗೆ ಸರಿಯಾದ ಗಂಟೆಯೂ ಸಿಗದೆ ಹಸುವಿನ ಕೊರಳ ಗಂಟೆ ಬಾರಿಸಿದರು. ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗು. ‘ಎಂಥಾ ದುರಂತ’ ಅಂತ ಸೇರಿಸಿದರೆ ಆ ಮಾತನ್ನು ನಾನೇ ಹೊಡೆದುಹಾಕುತ್ತೇನೆ.

ಜಾಗ ಸಾಲದಿದ್ದರೆ ಬಾಕ್ಸಿಂಗ್ ಇತಿಹಾಸ ಹೇಳುವ ಮೊದಲ ಎರಡು ಪುಟ ಕಿತ್ತುಹಾಕು. ತಿದ್ದಿದ ಪ್ರತಿ ಕಳಿಸು, ಓದುತ್ತೇನೆ.

ನಿನ್ನ ಅಣ್ಣ