ಅಪ್ಪ ಅಮ್ಮ ಬರುವ ಮೊದಲು ಆ ಟಬ್ ತೆಗೆಸಿಬಿಡು

ಗೆಳೆಯಾ,

ಕೆಳಗಿನ ಬಾತ್‌ರೂಮಿನ ಟಬ್ ತೆಗೆಸಿ ಶವರ್ ಮಾಡಿಸಬೇಕಾ ಬೇಡ್ವಾ ಅಂತ ಕೇಳಿದ್ದೆಯಲ್ಲ, ಮಾಡಿಸು. ನಿಮ್ಮ ಅಪ್ಪ ಅಮ್ಮ ಡಲ್ಲಾಸ್‌ಗೆ ಬಂದು ಆರು ತಿಂಗಳು ಇರುತ್ತಾರೆ ಅಂದಮೇಲೆ ಇದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಫೋನಿನಲ್ಲಿ ಎಲ್ಲ ಹೇಳೋಕೆ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಬೇರೆಯವರಿಗೂ ಉಪಯೋಗ ಆಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರಿಲ್ಲ ತಾನೆ?

ನಮಗೆ ದಿನಾ ದಾಟಿ ಅಭ್ಯಾಸ, ಟಬ್ಬಿನ ಅಂಚು ಎಷ್ಟು ಎತ್ತರ ಅಂತ ಗಮನಕ್ಕೇ ಬರುವುದಿಲ್ಲ. ಒಂದು ಸಲ ಟೇಪ್ ಹಿಡಿದು ನೋಡು. ಇಲ್ಲಿನ ಮಾಮೂಲಿ ಟಬ್ 14 ಇಂಚಿಗಿಂತ ಕಮ್ಮಿ ಇರುವುದು ಅಪರೂಪ, ಕೆಲವು 20 ಇಂಚು. ಮಂಡಿ ನೋವಿರುವ ಅಮ್ಮ ಒಂದೇ ಕಾಲಿನ ಮೇಲೆ ನಿಂತು ಇನ್ನೊಂದನ್ನು ಎತ್ತಿ ಅಷ್ಟು ದಾಟಿಸಬೇಕು. ಹಿಡಿದುಕೊಳ್ಳೋಕೆ ಸಿಗುವುದು ಪರದೆ, ಇಲ್ಲವೇ ಟವೆಲ್ ಹಾಕುವ ಸರಳು. ಎರಡೂ ಮನುಷ್ಯರ ಭಾರ ತಡೆಯುವುದಿಲ್ಲ. ಒಳಗೆ ಹೋಗುವಾಗಾದರೂ ಕಾಲು ಒಣಗಿರುತ್ತದೆ, ಹೊರಗೆ ಬರುವಾಗ ನೀರು, ಸೋಪು, ನರಕ ಚತುರ್ದಶಿ ದಿನವಾದರೆ ಮೇಲಿಂದ ಎಣ್ಣೆ ಬೇರೆ. ಮಣೆ ಹಾಕಿಕೊಂಡು ಕೂತು ಚೊಂಬಿನಲ್ಲಿ ನೀರು ಹುಯ್ದುಕೊಳ್ಳೋಣ ಅಂದರೆ ಟಬ್ಬಿನ ತಳ ಇಕ್ಕಟ್ಟು, ಜಾರುತ್ತದೆ, ಕೂತವರು ಏಳುವುದೇ ಕಷ್ಟ.

ನಮ್ಮಮ್ಮ ಬಾಯಿಬಿಟ್ಟು ಹೇಳಲಿಲ್ಲ ಕಣೋ. ಸ್ನಾನ ಆಗದೆ ಒಲೆ ಮುಟ್ಟದವಳು, "ಇವತ್ತು ಚಳಿ ಜಾಸ್ತಿ, ನಾಳೆ ಮಾಡ್ತೀನಿ ಬಿಡು" ಅನ್ನೋಕೆ ಶುರು ಮಾಡಿದಳು. ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಎಂಥ ಚಳಿ? ಹೆದರಿಕೆ ಅದು. ಇನ್ನೊಂದು ಸಂಕಟ, ನೀರು ಹೊರಗೆ ಚೆಲ್ಲುವುದು. ಊರಿನ ನಮ್ಮ ಬಚ್ಚಲಲ್ಲಿ ನೆಲ ಪೂರ್ತಿ ನೀರಿಗೇ ಇರುವುದು, ಎಲ್ಲಿ ಬಿದ್ದರೂ ಹರಿದು ಹೋಗುತ್ತದೆ. ಇಲ್ಲಿ ಟಬ್ಬಿನ ಹೊರಗೆ ನೆಲದಲ್ಲಿ ಒಂದು ತೂತೂ ಇಲ್ಲ. ಸ್ನಾನ ಮುಗಿಸಿ ಅಮ್ಮ ಬಗ್ಗಿ ನೆಲ ಒರೆಸುತ್ತಾ ಕೂರುತ್ತಿದ್ದಳು. ಅದನ್ನು ನೋಡಿದ ದಿನವೇ ನಾನು ಕಾಂಟ್ರಾಕ್ಟರಿಗೆ ಫೋನ್ ಮಾಡಿದ್ದು.

ಈಗ ಕೆಲಸದ ವಿಷಯ. ಟಬ್ ಇದ್ದ ಜಾಗ ಸಾಮಾನ್ಯವಾಗಿ 60 ಇಂಚು ಉದ್ದ, 30 ಇಂಚು ಅಗಲ. ಅಷ್ಟೂ ಜಾಗವನ್ನು ಶವರಿಗೇ ಇಟ್ಟುಕೋ. ಅಲ್ಲಿ ಒಂದು ಕಪಾಟು ಮಾಡಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಬೇಡ ಅನ್ನು. ಒಂದು ಕಡೆ ಕೂರೋಕೆ ಜಾಗ, ಮಧ್ಯೆ ಬಕೆಟ್, ಪಕ್ಕದಲ್ಲಿ ನಿಂತು ಬೆನ್ನು ಉಜ್ಜಿಕೊಡುವವರಿಗೆ ಒಂದಿಷ್ಟು ಜಾಗ, ಇಷ್ಟು ಬೇಕೇ ಬೇಕು.

ಮತ್ತೆ, ಇದನ್ನು ಮರೆಯಬೇಡ: ಕೆಳಗಿನ ನಲ್ಲಿ. ಟಬ್ ತೆಗೆದಾಗ ಪ್ಲಂಬರ್‌ಗಳು ಟಬ್ಬಿನ ನಲ್ಲಿಯನ್ನೂ ತೆಗೆದು ಬರೀ ಶವರ್ ಬಿಡುತ್ತಾರೆ. ಅವರಿಗೆ ಬಕೆಟ್ ಸ್ನಾನ ಗೊತ್ತಿಲ್ಲ, ನಾವೇ ಹೇಳಬೇಕು. ನೆಲದಿಂದ 18 ಇಂಚು ಎತ್ತರದಲ್ಲಿ ಒಂದು ನಲ್ಲಿ ಬಿಡಿಸು, ಕೆಳಗೆ ಬಕೆಟ್ ಕೂರುತ್ತದಾ ಅಂತ ನಿನ್ನ ಬಕೆಟ್ಟನ್ನೇ ಇಟ್ಟು ನೋಡು. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಮಾರುವ ಶವರ್‌ಗಳು ನಿಮಿಷಕ್ಕೆ 1.8 ಗ್ಯಾಲನ್‌ಗಿಂತ, ಅಂದರೆ ಸುಮಾರು 6.8 ಲೀಟರ್‌ಗಿಂತ ಜಾಸ್ತಿ ಬಿಡುವ ಹಾಗಿಲ್ಲ. ಅದರಲ್ಲಿ ಒಂದು ದೊಡ್ಡ ಬಕೆಟ್ ತುಂಬೋಕೆ ಮೂರು ನಿಮಿಷ ಬೇಕು, ಅಷ್ಟು ಹೊತ್ತು ಒದ್ದೆ ಮೈಯಲ್ಲಿ ಕಾಯಬೇಕಾ? ನಲ್ಲಿಯಲ್ಲಾದರೆ ಬೇಗ ತುಂಬುತ್ತದೆ. ಜೊತೆಗೆ ಸರಳಿನಲ್ಲಿ ಮೇಲಕ್ಕೂ ಕೆಳಕ್ಕೂ ಜಾರುವ ಹ್ಯಾಂಡ್ ಶವರ್ ಇರಲಿ, ಅಪ್ಪನಿಗೆ ಅದು ಇಷ್ಟ ಆಗಬಹುದು.

ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಟೈಲ್ಸ್ ಹಿಂದೆ ಏನಾಗುತ್ತದೆ ಅಂತ ವಿಚಾರಿಸು. ಟೈಲ್ಸೂ ಅದರ ಸಂದಿಯ ಗ್ರೌಟೂ ನೀರು ತಡೆಯುತ್ತವೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಇಲ್ಲ. ನೀರು ತಡೆಯುವುದು ಅದರ ಹಿಂದಿನ ವಾಟರ್‌ಪ್ರೂಫ್ ಪದರ. ನಮ್ಮ ಮನೆಯಲ್ಲಿ ಟಬ್ ಎಬ್ಬಿಸಿದಾಗ ನಲ್ಲಿ ಕಡೆಯ ಮೂಲೆಯ ಮರ ಕಪ್ಪಗಾಗಿತ್ತು, ಬೆರಳಲ್ಲಿ ಒತ್ತಿದರೆ ಪುಡಿ. ವರ್ಷಗಟ್ಟಲೆ ಸುಮ್ನೆ ಒಳಗೊಳಗೇ ನೀರು ಇಳಿದಿದೆ, ಹೊರಗೆ ನೋಡಿದರೆ ಟೈಲ್ಸ್ ಚೆನ್ನಾಗಿಯೇ ಇತ್ತು. ಅದಕ್ಕೇ ಒಂದೇ ದಿನದಲ್ಲಿ ಹಳೆ ಗೋಡೆ ಮೇಲೆ ಅಕ್ರಿಲಿಕ್ ಹಾಳೆ ಕೂರಿಸಿ ಹೋಗುತ್ತೇವೆ ಅನ್ನುವವರು ನನಗೆ ಹಿಡಿಸುವುದಿಲ್ಲ. ಹಿಂದೆ ಏನಿದೆ ಅಂತ ನೋಡದೆ ಮುಚ್ಚಬಾರದು. ಗೋಡೆಗೆ ಸಿಮೆಂಟ್ ಬೋರ್ಡ್, ಅದರ ಮೇಲೆ ವಾಟರ್‌ಪ್ರೂಫ್ ಪದರ, ನೆಲಕ್ಕೆ ಡ್ರೇನ್ ಕಡೆಗೆ ಪ್ರತಿ ಅಡಿಗೆ ಕಾಲು ಇಂಚಿನ ಇಳಿಜಾರು. ನೆಲಕ್ಕೆ ಟೈಲ್ಸ್ ಹಾಕುವ ಮೊದಲು ಡ್ರೇನ್ ಮುಚ್ಚಿ, ನೀರು ತುಂಬಿಸಿ, ಒಂದು ದಿನ ಪೂರ್ತಿ ಬಿಡಿಸು. ಮಟ್ಟ ಇಳಿಯಬಾರದು. ಇದಕ್ಕೆ ಟೈಮ್ ಇಲ್ಲ ಅನ್ನುವ ಕಾಂಟ್ರಾಕ್ಟರ್ ಬೇಡವೇ ಬೇಡ.

ಡ್ರೇನ್ ವಿಷಯದಲ್ಲಿ ನಿನ್ನ ಕಷ್ಟ ನನಗಿಂತ ದೊಡ್ಡದು. ಟಬ್ಬಿನ ಡ್ರೇನ್ ಪೈಪ್ ಒಂದೂವರೆ ಇಂಚಿನದು, ಶವರಿಗೆ ಇಲ್ಲಿ ಕ್ಯಾಲಿಫೋರ್ನಿಯಾದ ನಿಯಮದ ಪ್ರಕಾರ 2 ಇಂಚು ಬೇಕು. ನಮ್ಮದು ಮರದ ನೆಲ, ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗ ಇತ್ತು, ಪೈಪ್ ಬದಲಾಯಿಸಿದ್ದು ಸುಲಭವಾಯಿತು. ಟೆಕ್ಸಾಸ್‌ನ ಮನೆಗಳು ಹೆಚ್ಚಾಗಿ ಕಾಂಕ್ರೀಟ್ ಹಾಸಿನ ಮೇಲೇ ಕೂತಿರುತ್ತವೆ, ಪೈಪ್ ಅದರ ಕೆಳಗಿರುತ್ತದೆ, ಒಡೆಯಬೇಕು. ಒಡೆಯುವ ಮೊದಲು ಒಂದು ವಿಷಯ ಖಚಿತ ಮಾಡಿಕೋ. ಅಲ್ಲಿ ಎಷ್ಟೋ ಮನೆಗಳ ಕಾಂಕ್ರೀಟಿನೊಳಗೆ ಜೋರಾಗಿ ಎಳೆದು ಬಿಗಿದ ಉಕ್ಕಿನ ಹಗ್ಗಗಳಿರುತ್ತವೆ, ಪೋಸ್ಟ್ ಟೆನ್ಶನ್ ಅನ್ನುತ್ತಾರೆ. ಗೊತ್ತಿಲ್ಲದೆ ಒಂದನ್ನು ಕತ್ತರಿಸಿದರೆ ಕೆಲಸದವನ ಜೀವಕ್ಕೇ ಅಪಾಯ. ಗ್ಯಾರೇಜಿನ ನೆಲದಲ್ಲಿ ಕತ್ತರಿಸಬೇಡಿ ಅಂತ ಅಚ್ಚು ಒತ್ತಿದೆಯಾ ನೋಡು. ಇದ್ದರೆ ಹಗ್ಗ ಎಲ್ಲೆಲ್ಲಿದೆ ಅಂತ ಸ್ಕ್ಯಾನ್ ಮಾಡಿಸದೆ ಸುತ್ತಿಗೆ ಮುಟ್ಟಿಸಬೇಡ. ಪರ್ಮಿಟ್ ತೆಗೆಸು, ಪೈಪಿನ ಅಳತೆ ನಿಮ್ಮ ಊರಲ್ಲಿ ಎಷ್ಟು ಅಂತ ಸಿಟಿಯವರೇ ಹೇಳುತ್ತಾರೆ.

ಗೋಡೆ ತೆರೆದಿರುವಾಗಲೇ ಗ್ರ್ಯಾಬ್ ಬಾರ್, ಅಂದರೆ ಕೈಯಲ್ಲಿ ಹಿಡಿದುಕೊಳ್ಳುವ ಸರಳು, ಬರುವ ಕಡೆ ಒಳಗೆ ಅಡ್ಡಮರ ಕೊಡಿಸು. ಆಮೇಲೆ ಬರೀ ಟೈಲ್ಸಿಗೆ ಸ್ಕ್ರೂ ಹೊಡೆದರೆ ಅದು ನಂಬುವಂಥದ್ದಲ್ಲ. ಇಲ್ಲಿನ ಸಾರ್ವಜನಿಕ ಕಟ್ಟಡಗಳಿಗಿರುವ ಲೆಕ್ಕ ನೆಲದಿಂದ 33ರಿಂದ 36 ಇಂಚು ಎತ್ತರ, 250 ಪೌಂಡ್ ಭಾರ ತಡೆಯಬೇಕು. ಮನೆಗೂ ಅದನ್ನೇ ಇಟ್ಟುಕೋ, ಆದರೆ ನಿಮ್ಮಮ್ಮ ಕುಳ್ಳಗಿದ್ದಾರಲ್ವಾ, ಅವರ ಕೈ ಎಲ್ಲಿಗೆ ಬರುತ್ತದೆ ಅಂತ ವಿಡಿಯೋ ಕಾಲ್‌ನಲ್ಲಿ ಅಳತೆ ಕೇಳು. ಒಂದು ಬಾರ್ ಒಳಗೆ ಕಾಲಿಡುವ ಕಡೆ ನೆಟ್ಟಗೆ, ಇನ್ನೊಂದು ಕೂರುವ ಜಾಗದ ಪಕ್ಕ ಅಡ್ಡಲಾಗಿ. ನೀರಿನ ಹಿಡಿ ಬಾಗಿಲ ಹತ್ತಿರವೇ ಇರಲಿ, ತಣ್ಣೀರು ಮೈಮೇಲೆ ಬೀಳದ ಹಾಗೆ ಹೊರಗೆ ನಿಂತೇ ತಿರುಗಿಸಬಹುದು. ಯಾರೋ ಫ್ಲಶ್ ಮಾಡಿದಾಗ ನೀರು ಒಮ್ಮೆಲೇ ಸುಡದ ಹಾಗೆ ತಡೆಯುವ ವಾಲ್ವ್ ಬರುತ್ತದೆ, ಅದನ್ನೇ ಹಾಕಿಸಿ 120 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ಹೋಗದಂತೆ ಕಟ್ಟಿಡು.

ನೆಲಕ್ಕೆ ಹೊಳೆಯುವ ದೊಡ್ಡ ಟೈಲ್ಸ್ ಬೇಡ. ಸಣ್ಣ ಸಣ್ಣ ಚೌಕದ್ದು ಹಾಕಿಸು, ಸಂದಿಗಳು ಜಾಸ್ತಿ ಇದ್ದಷ್ಟೂ ಕಾಲಿಗೆ ಹಿಡಿತ. ಗಾಜಿನ ಬಾಗಿಲು ಚೆಂದ, ಆದರೆ ಪಕ್ಕದಲ್ಲಿ ನಿಂತು ಸಹಾಯ ಮಾಡೋಕೆ ಪರದೆಯೇ ವಾಸಿ. ಇನ್ನು ಮನೆ ಮಾರುವಾಗ ಟಬ್ ಇಲ್ಲ ಅಂತ ಬೆಲೆ ಇಳಿಯುತ್ತಾ ಅಂದೆಯಲ್ಲ, ಮಹಡಿ ಮೇಲಿನ ಬಾತ್‌ರೂಮಿನಲ್ಲಿ ಒಂದು ಟಬ್ ಇದೆಯಲ್ಲ ಮಾರಾಯ, ಮಕ್ಕಳಿಗೂ ಅದು ಸಾಕು.

ಕೊಟೇಶನ್ ಬಂದ ತಕ್ಷಣ ನನಗೆ ಕಳಿಸು. ಕೆಳಗಿನ ನಲ್ಲಿ, ಅಡ್ಡಮರ, ನೀರು ನಿಲ್ಲಿಸಿ ನೋಡುವುದು, ಈ ಮೂರೂ ಅದರಲ್ಲಿ ಬರವಣಿಗೆಯಲ್ಲಿ ಇರಬೇಕು. ಟಿಕೆಟ್ ಬುಕ್ ಮಾಡುವ ಮೊದಲು ಕಾಂಟ್ರಾಕ್ಟರ್ ದಿನ ಗೊತ್ತು ಮಾಡಿಕೋ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ