ಪೇಟಿ ಮತ್ತೆ ನುಡಿಯಿತು

ಎಲ್ಲರಿಗೂ ನಮಸ್ಕಾರ.

ಮೂರು ವರ್ಷದ ಮೇಲೆ ಈ ಸಲ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಮ್ಮ ನಾಟಕ ಕಂಪನಿ ಕ್ಯಾಂಪ್ ಹಾಕಿದೆ. ನಾನು ಕಂಪನಿಯ ಪೇಟಿ ಮಾಸ್ತರ, ಅಂದರೆ ಹಾರ್ಮೋನಿಯಂ ನುಡಿಸುವವನು. ಮೊದಲ ರಾತ್ರಿ ನಾಂದಿಗೆ, ಅಂದರೆ ನಾಟಕ ಶುರುವಿನ ಪ್ರಾರ್ಥನೆ ಹಾಡಿಗೆ, ಸುರ ಹಿಡಿಯುವಾಗ ನನ್ನ ಕೈ ನಡುಗಿತು. ಆಗಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೆ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಜಾತ್ರೆಗಳೆಲ್ಲ ನಿಂತವು. ಜಾತ್ರೆ ಇಲ್ಲದಿದ್ದರೆ ನಮಗೆ ಪಗಾರ ಎಲ್ಲಿಯದು? ಪರದೆ ಸುತ್ತಿಟ್ಟೆವು. ಕೆಲವರು ಹೊಲದ ಕೂಲಿಗೆ ಹೋದರು. ನಮ್ಮ ನಾಯಕಿ ಪಾತ್ರದ ಅಕ್ಕ ಕಾಯಿಪಲ್ಲೆ ಮಾರಿದರು. ನನ್ನ ಪೇಟಿಗೆ ಗಾಳಿ ತುಂಬುವ ತಿದಿಯನ್ನು ಇಲಿ ಕಡಿದಿತ್ತು. ಒತ್ತಿದರೆ ಬರೀ ಗಾಳಿ ಬರುತ್ತಿತ್ತು.

2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕಲಾವಿದರಿಗೆ ತಲಾ 3,000. ಆಟೋದವರು, ಕಟ್ಟಡ ಕಾರ್ಮಿಕರು, ಕ್ಷೌರಿಕರ ಜೊತೆ ನಮ್ಮನ್ನೂ ಸೇರಿಸಿದ್ದರು. ದುಡ್ಡಿಗಿಂತ ಜಾಸ್ತಿ ಮನಸ್ಸಿಗೆ ಹಿತವಾಗಿದ್ದು ಅದು. ನಾಟಕದವರೂ ದುಡಿಯುವವರೇ ಅಂತ ಲೆಕ್ಕಕ್ಕೆ ಹಿಡಿದರಲ್ಲ!

ಕಲಾವಿದ ಅನ್ನೋದಕ್ಕೆ ನನ್ನ ಹತ್ತಿರ ಇದ್ದ ದಾಖಲೆ ಒಂದೇ, ಹಳೇ ಹ್ಯಾಂಡ್‌ಬಿಲ್. ಗುಲಾಬಿ ಹಾಳೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಸಂಗೀತ’ ಅಂತ ಹಾಕಿ ನನ್ನ ಹೆಸರು. ಕಂಪ್ಯೂಟರ್ ಸೆಂಟರಿನ ತಂಗಿ ಅದು ಹರಿಯದಂತೆ ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ಸ್ಕ್ಯಾನ್ ಮಾಡಿದಳು. ಅರ್ಜಿ ತುಂಬಿದಳು. ಒಂದು ರೂಪಾಯಿ ಮುಟ್ಟಲಿಲ್ಲ.

ದುಡ್ಡು ಬಂದ ದಿನ ಕಿರಾಣಿ ಉದ್ರಿ ತೀರಿಸಲು ಹೋದೆ. ಅಂಗಡಿ ಅಣ್ಣ ಅರ್ಧ ಮಾತ್ರ ತಗೊಂಡರು. ‘ಉಳಿದದ್ದರಾಗ ಪೇಟಿ ರಿಪೇರಿ ಮಾಡಿಸ್ರಿ ಮಾಸ್ತರ’ ಅಂದರು. ಅವ್ವನ ಗುಳಿಗೆ ತಂದೆ, ತಿದಿಗೆ ಹೊಸ ಚರ್ಮ ಹಾಕಿಸಿದೆ.

ಮೊನ್ನೆ ಮಗ ಓದಿ ಹೇಳಿದ. ಅಮೆರಿಕದಲ್ಲಿ 1930ರ ದಶಕದಲ್ಲಿ ದೊಡ್ಡ ಆರ್ಥಿಕ ಕುಸಿತ ಆದಾಗ, ಸರ್ಕಾರವೇ 1935ರಿಂದ 1939ರವರೆಗೆ ನಾಟಕದವರಿಗೆ ಸಂಬಳ ಕೊಟ್ಟು ನಾಟಕ ಆಡಿಸಿತ್ತಂತೆ. ಎಷ್ಟೋ ಆಟಗಳಿಗೆ ಟಿಕೆಟ್ಟೇ ಇರಲಿಲ್ಲವಂತೆ. ರೋಗದ ಕಾಲದಲ್ಲಿ ಜನ ಸೇರಿಸುವ ಹಾಗಿರಲಿಲ್ಲ, ಗೊತ್ತು. ಆದರೆ ಮುಂದೆ ಇಂಥ ಕಷ್ಟ ಬಂದರೆ, ದುಡ್ಡಿನ ಜೊತೆ ನಮಗೆ ಆಟವನ್ನೂ ಕೊಡಿ ಅಂತ ಕೈಮುಗಿದು ಕೇಳುತ್ತೇನೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ಅಂಗಡಿ ಅಣ್ಣನಿಗೆ, ಸಾಲ ಮಾಡಿ ಕಂಪನಿ ಮತ್ತೆ ಕೂಡಿಸಿದ ನಮ್ಮ ಮಾಲೀಕರಿಗೆ ಶರಣು.

ಕಂಪ್ಯೂಟರ್ ಸೆಂಟರಿನ ತಂಗೀ, ನೀನು ಇನ್ನೂ ಆಟಕ್ಕೆ ಬಂದಿಲ್ಲ. ಅಪ್ಪ ಅವ್ವನನ್ನೂ ಕರ್ಕೊಂಡು ಬಾ. ಗೇಟಿನಲ್ಲಿ ‘ಪೇಟಿ ಮಾಸ್ತರ ಕಡೆಯವರು’ ಅಂತ ಹೇಳು, ಸಾಕು.