ಉಗುರುಸಂದಿಯ ಮಸಿ

ಚಿ. ಮೇಘನಾಳಿಗೆ ದೊಡ್ಡತ್ತೆಯ ಆಶೀರ್ವಾದಗಳು.

ಈ ವರ್ಷ ನಿಮ್ಮ ಮನೆಯ ಮೇಲೆ ಬಂದದ್ದು ನಮಗೆಲ್ಲ ಗೊತ್ತಿರುವುದೇ, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ನಿನ್ನ ಪತ್ರದ ಕೊನೆಯ ಸಾಲು ಎರಡು ರಾತ್ರಿ ನಿದ್ದೆ ಕೆಡಿಸಿತು. "ಕಾಲೇಜು ಲೈಬ್ರರಿಯ ಕೌಂಟರಿನಲ್ಲಿ ಕೆಲಸಕ್ಕೆ ಕೂತರೆ ನಮಗೆ ಗತಿಯಿಲ್ಲವೆಂದು ರೂಮಿನವಳಿಗೆ ತಿಳಿದುಹೋಗುತ್ತದೆ" ಎಂದು ಬರೆದಿದ್ದೀಯಲ್ಲ.

ತಿಳಿಯುವುದಾದರೂ ಹೇಗೆ? ನಿಮ್ಮಪ್ಪ ಫೋನಿನಲ್ಲಿ ಬಿಡಿಸಿ ಹೇಳಿದ. ಈ ವರ್ಕ್-ಸ್ಟಡಿ, ಅಂದರೆ ಕಾಲೇಜು ಓದುತ್ತಲೇ ಅರೆಹೊತ್ತು ದುಡಿದು ಸಂಬಳ ಪಡೆಯುವುದು, ಅಮೆರಿಕದಲ್ಲಿ 1964ರಿಂದ ಇರುವ ಸರ್ಕಾರಿ ಏರ್ಪಾಡಂತೆ. ಫಾಫ್ಸಾ ಎಂಬ ಸರ್ಕಾರಿ ನೆರವಿನ ಅರ್ಜಿಯಲ್ಲಿ ಮನೆಯ ವರಮಾನ ನೋಡಿ ಕೊಡುತ್ತಾರೆ, ನಿಜ. ಆದರೆ ಆ ಲೆಕ್ಕ ಕಾಲೇಜಿನ ಕಚೇರಿ ಬಿಟ್ಟು ಹೊರಗೆ ಬರುವುದಿಲ್ಲ. ಅದೇ ಕೌಂಟರಿನಲ್ಲಿ ಕೈಖರ್ಚಿಗೆ ದುಡಿಯುವ ಅನುಕೂಲಸ್ಥರ ಮಕ್ಕಳೂ ಕೂತಿರುತ್ತಾರಂತೆ. ವಿದ್ಯಾರ್ಥಿ ವೀಸಾದ ಮೇಲೆ ಬರುವ ನಮ್ಮೂರ ಹುಡುಗರಿಗೆ ಇದು ಸಿಗುವುದೇ ಇಲ್ಲ. ನಿನಗೆ ಗ್ರೀನ್ ಕಾರ್ಡ್ ಇರುವುದಕ್ಕೆ ಸಿಕ್ಕಿದೆ.

ಇಷ್ಟು ಹೇಳಿದರೆ ಭಯ ಹೋಗುತ್ತದೆಯೇ? ನನ್ನದು ಹೋಗಿರಲಿಲ್ಲ. 1974ರಲ್ಲಿ ಮೈಸೂರಿನಲ್ಲಿ ಬಿ.ಎ. ಓದುವಾಗ ಫೀಸಿಗಾಗಿ ಊದುಬತ್ತಿ ಹೊಸೆಯುತ್ತಿದ್ದೆ. ಇದ್ದಿಲಪುಡಿ, ಜಿಗಟು ಕಲಸಿದ ಕಪ್ಪು ಮುದ್ದೆಯನ್ನು ಮಣೆಯ ಮೇಲೆ ಬಿದಿರುಕಡ್ಡಿಗೆ ಹೊಸೆಯಬೇಕು. ಕೂಲಿ ಸಾವಿರ ಕಡ್ಡಿಗೆ ಇಷ್ಟೆಂದು. ಹುಣಸೆಹಣ್ಣು, ಸೀಗೆಪುಡಿ, ಏನು ಹಾಕಿ ತಿಕ್ಕಿದರೂ ಉಗುರುಸಂದಿಯ ಮಸಿ ಬಿಡುತ್ತಿರಲಿಲ್ಲ. ತರಗತಿಯಲ್ಲಿ ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿರುತ್ತಿದ್ದೆ. ಜೀವದ ಗೆಳತಿಯ ಮದುವೆಗೂ ಹೋಗಲಿಲ್ಲ. ಮದರಂಗಿ ಹಚ್ಚುವಾಗ ಕೈ ಚಾಚಬೇಕಲ್ಲ, ಅಷ್ಟಕ್ಕೇ. ಜ್ವರವೆಂದು ಹೇಳಿ ಕಳಿಸಿದೆ. ಅವಳು ನಂಬಲಿಲ್ಲ, ಆಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲ. ಅವಳಿಗೆ ಗೊತ್ತಾಗಿದ್ದರೆ ಏನಾಗುತ್ತಿತ್ತು? ಯಾರ ಮನೆಯಲ್ಲಿ ಮದರಂಗಿಯ ಬಟ್ಟಲು ಕಂಡರೂ ಇದನ್ನೇ ಕೇಳಿಕೊಳ್ಳುತ್ತೇನೆ.

ಬುದ್ಧಿ ಹೇಳುವಷ್ಟು ಅಲ್ಲಿಯದು ನನಗೇನು ಗೊತ್ತು? ಆದರೂ, ಮಂಜೂರಾದ ಹಣ ಫೀಸಿನಲ್ಲಿ ತಾನಾಗಿ ವಜಾ ಆಗುವುದಿಲ್ಲವಂತೆ, ದುಡಿದಷ್ಟು ಗಂಟೆಗೆ ಸಂಬಳವಾಗಿ ಕೈಗೆ ಬರುತ್ತದಂತೆ. ಅದನ್ನು ನೆಚ್ಚಿ ಮುಂಚೆಯೇ ಖರ್ಚು ಮಾಡಿಕೊಳ್ಳಬೇಡ. ಅರ್ಜಿಯನ್ನು ಪ್ರತಿ ವರ್ಷವೂ ಹಾಕಬೇಕಂತೆ. ರೂಮಿನವಳಿಗೆ ನೀನೇ ಮೊದಲು ಹೇಳಿಬಿಟ್ಟರೆ ಹೇಗೆ? ಮನಸ್ಸಿಲ್ಲದಿದ್ದರೆ ಬಿಡು, ನಾನೇನು ಹೇಳಿದ್ದೆನೇ.

ಇನ್ನೊಂದು. ದುಡಿದ ಗಂಟೆಗಳನ್ನು ನೀನೂ ಒಂದು ಪುಸ್ತಕದಲ್ಲಿ ಬರೆದಿಡು. ನಮ್ಮ ಕಡ್ಡಿ ಎಣಿಸಿಕೊಳ್ಳುವವನು ಸಾವಿರಕ್ಕೆ ಮೂವತ್ತು ನಲವತ್ತು ಮುರಿದಿವೆಯೆಂದು ಪ್ರತಿ ಸಲವೂ ಹೊಡೆದುಹಾಕುತ್ತಿದ್ದ.

ಇಂತಿ,
ನಿನ್ನ ದೊಡ್ಡತ್ತೆ